ಮುಂಬ್ರಾ ಬರುವುದರೊಳಗೆ ಒಂದು ಹಿಡಿ ಮೆಂತ್ಯ

ಅವರ ಬಲಗೈ ಹೆಬ್ಬೆರಳಿನ ಉಗುರಂಚು ಸದಾ ಹಸಿರಾಗಿರುತ್ತಿತ್ತು. ಸಂಜೆ ಠಾಣೆ ರೈಲ್ವೆ ಸ್ಟೇಷನ್ನಿನಿಂದ ಹೊರಡುವ ಕಲ್ಯಾಣ್ ಲೋಕಲ್‌ನ ಮಹಿಳಾ ಡಬ್ಬಾದಲ್ಲಿ ಕಿಟಕಿಯ ಬಳಿ ಕೂತು, ಸ್ಟೇಷನ್ನಿನ ಹೊರಗೆ ಕೊಂಡ ಒಂದು ಜುಡಿ ಮೆಂತ್ಯ ಸೊಪ್ಪಿನ ಕಟ್ಟು ಬಿಚ್ಚಿ ಬಿಡಿಸುತ್ತಿದ್ದರು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ. ಮಹಾಪೆಯಲ್ಲಿ ಕೆಲಸ ಮುಗಿಸಿ ಬಂದು ಅದೇ ಗಾಡಿ ಹಿಡಿಯುತ್ತಿದ್ದ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಅವರ ಕಿವಿಗೆ ಬಿತ್ತು. ಅಂದಿನಿಂದ ಅವರು ನನಗೆ ಅಕ್ಕ. ಅಂದೇ ನನ್ನ ಮಡಿಲಿಗೂ ಒಂದು ಹಿಡಿ ಸೊಪ್ಪು ಬಂತು. "ಹೇಗೂ ಕೂತಿದ್ದಿಯಲ್ಲ ಮಾರಾಯ್ತಿ, ಬಿಡಿಸು."

ಸುತ್ತ ಕೂತ ಎಲ್ಲರಿಗೂ ಪಾಲಿರುತ್ತಿತ್ತು. ನನ್ನ ಕೆಲಸ ಅವರಿಗೆ ಹಿಡಿಸುತ್ತಿರಲಿಲ್ಲ. "ಎಮ್ಮೆಸ್ಸಿ ಮಾಡಿದ್ದಿ, ದಂಟು ಯಾವ್ದು ಎಲೆ ಯಾವ್ದು ಗೊತ್ತಾಗುದಿಲ್ವಾ?" ಅವರು ಮೆಚ್ಚುತ್ತಿದ್ದುದು ಮುಂಬ್ರಾದಲ್ಲಿ ಇಳಿಯುವ ಬುರ್ಖಾದ ಹೆಂಗಸನ್ನು. ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವಳಾಗಿ ಕೂತು, ಹತ್ತು ನಿಮಿಷದಲ್ಲಿ ಎಲೆ ಬೇರೆ ದಂಟು ಬೇರೆ ಮಾಡಿ ಒಪ್ಪಿಸಿ ಆಕೆ ಇಳಿಯುತ್ತಿದ್ದಳು.

ಗಡಿಯಲ್ಲಿ ಯುದ್ಧ ಶುರುವಾದ ವಾರ ಡಬ್ಬಾದಲ್ಲಿ ಬೇರೆ ಮಾತೇ ಇರಲಿಲ್ಲ. ಅಕ್ಕ ಎತ್ತಿ ಆಡಿಸಿದ ಅಣ್ಣನ ಮಗ ಸೈನ್ಯದಲ್ಲಿದ್ದ. ಮೂರು ದಿನದಿಂದ ಅವನ ಫೋನ್ ಬಂದಿಲ್ಲವೆಂದು ಸುತ್ತ ಕೂರುವವರಿಗೆಲ್ಲ ಗೊತ್ತಿತ್ತು. ಆ ಸಂಜೆ ಮುಂಬ್ರಾದವಳು ಬಂದಾಗ ಯಾರೂ ಸರಿಯಲಿಲ್ಲ. "ಇಧರ್ ಜಗಾ ನಹೀಂ," ಎಂದಳು ನಮ್ಮ ಗುಂಪಿನ ಒಬ್ಬಳು. ಸೀಟಿನ ಅಂಚಿನಲ್ಲಿ ನನ್ನ ಬ್ಯಾಗ್ ಇತ್ತು. ಆಕೆಯನ್ನು ತಡೆಯಲೆಂದು ನಾನು ಇಟ್ಟದ್ದಲ್ಲ. ತೆಗೆಯಲೂ ಇಲ್ಲ.

ಅಕ್ಕ ಅದನ್ನು ಎತ್ತಿ ನನ್ನ ಮಡಿಲಿಗೆ ಹಾಕಿದರು. "ಬೈಠೋ. ಆಜ್ ದೋ ಜುಡಿ ಹೈ," ಎಂದು ಆಕೆಗೆ ಸೊಪ್ಪು ಕೊಟ್ಟರು.

"ಕಾಕೂ, ನೀವು ನ್ಯೂಸ್ ನೋಡೋದಿಲ್ವಾ?" ಗುಂಪಿನವಳು ಮರಾಠಿಯಲ್ಲಿ ಚುಚ್ಚಿದಳು.

"ನೋಡ್ತೇನೆ. ಆದ್ರೆ ನ್ಯೂಸ್ ನೋಡ್ತಾ ಬಿಡಿಸಿದ ಸೊಪ್ಪಲ್ಲಿ ಹುಳ ಉಳೀತದೆ," ಎಂದರು ಅಕ್ಕ, ಅವಳ ಮರಾಠಿಯಲ್ಲೇ.

ಮುಂಬ್ರಾ ಬಂತು. ಇಳಿಯುವ ಮೊದಲು ಆಕೆ ಬಗ್ಗಿ ಮೆಲ್ಲಗೆ ಕೇಳಿದಳು, "ಬಚ್ಚೇ ಕಾ ಫೋನ್ ಆಯಾ, ಆಂಟಿ?" ಇಲ್ಲವೆಂದು ಅಕ್ಕ ತಲೆಯಾಡಿಸಿದರು.

ಮುಂದಿನ ಸ್ಟೇಷನ್ ದಿವಾ ದಾಟಿದ ಮೇಲೆ, ನಿಮಗೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. ನನಗೆ ಅದು ನಿಜಕ್ಕೂ ತಿಳಿಯಬೇಕಿತ್ತು.

"ಬರ್ತದೆ. ಟಿವಿ ಒಡೆದು ಹಾಕುವಷ್ಟು ಬರ್ತದೆ. ಆದ್ರೆ ನೀವೆಲ್ಲ ನನ್ನ ಹತ್ರ ಕೇಳಿದ್ದು ಬಾಂಬ್ ಎಲ್ಲಿ ಬಿತ್ತು ಅಂತ. ಫೋನ್ ಬಂತಾ ಅಂತ ಕೇಳಿದ್ದು ಅವಳೊಬ್ಳೇ."

ಫೋನ್ ಮರುವಾರ ಬಂತು. ಆ ಸಂಜೆ ಅಕ್ಕ ಅದನ್ನು ನಮಗಾರಿಗೂ ಹೇಳದೆ, ಮುಂಬ್ರಾದವಳು ಹತ್ತುವವರೆಗೆ ಬಾಗಿಲು ನೋಡುತ್ತ ಕಾದರು.

ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಮುಂಬ್ರಾದವಳಿಗೆ ತಿಳಿಸಿದವಳು ನಾನು. ಆಕೆ ಖಾಲಿ ಕೈಗಳನ್ನು ನೋಡುತ್ತ ಕೂತಿದ್ದಳು. ಮರುದಿನ ಠಾಣೆಯಲ್ಲಿ ಒಂದು ಜುಡಿ ಕೊಂಡೆ. ನಾನು ಬಿಡಿಸಿದ್ದನ್ನು ಆಕೆ ಎಳೆದುಕೊಂಡು ದಂಟುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಆಂಟಿ ಇದ್ದಿದ್ದರೆ ಬೈಯುತ್ತಿದ್ದರು ಎಂದಳು, ಹಿಂದಿಯಲ್ಲಿ. ಹೌದು ಎಂದೆ. ಎಲೆಗಳನ್ನು ಆಕೆ ಗುಡ್ಡೆ ಹಾಕಿದ್ದು ನನ್ನ ಮಡಿಲಲ್ಲಿದ್ದ ಬ್ಯಾಗಿನ ಮೇಲೆ.