ರೂತವ್ವ ಸಭೆ ಬಿಟ್ಟವಳಲ್ಲ

ನನ್ನ ಸುಳ್ಳಿನ ಫಲವನ್ನು ಉಂಡವಳು ರೂತವ್ವ. ಅವಳೊಂದಿಗೆ ಅವಳ ಕೇರಿಯ ಮಕ್ಕಳು. ನಾನಲ್ಲ. ನನಗೆ ಆ ಸುಳ್ಳಿನಿಂದ ಒಳ್ಳೆಯ ಹೆಸರೇ ಬಂತು.

ಸ್ವಾತಂತ್ರ್ಯ ಬಂದ ಹೊಸತು. ಗೋಕಾಕ ಸೀಮೆಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ನಾನು ರವಿವಾರದ ಶಾಲೆಯ ಮೇಲ್ವಿಚಾರಕನಾಗಿದ್ದೆ. ಧಾರವಾಡದಲ್ಲಿ ಓದಿ ಬಂದವನು. ಸಮಾನತೆಯ ಕುರಿತು ಭಾಷಣ ಮಾಡುತ್ತಿದ್ದೆ—ಮೂಡಲಗಿ, ಹುಕ್ಕೇರಿ, ಕರೆದಲ್ಲೆಲ್ಲ. ರೂತವ್ವ ವಾರವಿಡೀ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದು, ರವಿವಾರ ಮಕ್ಕಳಿಗೆ ಕಥೆ, ಹಾಡು ಹೇಳಿಕೊಡುತ್ತಿದ್ದಳು. ಶಾಲೆಯ ಮುಖ ಕಾಣದ ಮಕ್ಕಳಿಗೆ ಅಕ್ಷರವನ್ನೂ ಕಲಿಸುತ್ತಿದ್ದಳು. ಊರ ಹೊರಗಿನ ಕೇರಿಯವಳು. ಕ್ರಿಸ್ತನಲ್ಲಿ ಜಾತಿಯಿಲ್ಲವೆಂದು ನಾವೆಲ್ಲ ಹಾಡುತ್ತಿದ್ದೆವು. ಹಾಡುವಾಗ ಯಾರು ಯಾವ ಚಾಪೆಯ ಮೇಲೆ ಕೂಡಬೇಕೆಂಬುದೂ ನಮಗೆಲ್ಲ ಗೊತ್ತಿತ್ತು.

ಸುಗ್ಗಿಯ ಆರಾಧನೆಯ ದಿನ, ಕಲಿಸಿದವರಲ್ಲಿ ಒಬ್ಬರಿಗೆ ಮಕ್ಕಳೇ ಮಾಲೆ ಹಾಕಿ ಉಪಕಾರ ಸ್ಮರಿಸುವುದು ನಮ್ಮ ವಾಡಿಕೆ. ಹಾಗೆ ಸನ್ಮಾನ ಪಡೆದವರಿಗೆ ಅಂದು ಸಭಾಹಿರಿಯರ ಮನೆಯಲ್ಲಿ, ಮನೆಯವರ ಪಂಕ್ತಿಯಲ್ಲೇ ಊಟ. ಆ ವರ್ಷದ ಸರದಿ ರೂತವ್ವನದು. ಹಿರಿಯರು ನನ್ನನ್ನು ಬದಿಗೆ ಕರೆದರು.

“ಮಾಸ್ತರ, ಆಕಿ ನಮ್ಮ ಪಡಸಾಲ್ಯಾಗ ಕುಂತು ಉಂಡ್ಲು ಅಂದ್ರ ನಾಳೆ ನನ್ನ ಮಗಳನ್ನ ಕೇಳಾಕ ಯಾರ್ ಬರ್ತಾರ್ರಿ? ನೀವು ಓದಿದವ್ರು. ಏನರೆ ಚಂದಾಗಿ ಹೇಳಿ ದಾಟಿಸಿಬಿಡ್ರಿ.”

ಚಂದಾಗಿ ಹೇಳುವುದು—ಅದೇ ನನಗೆ ಬರುತ್ತಿದ್ದ ವಿದ್ಯೆ. ವೇದಿಕೆಯೇರಿ, “ಸೇವೆಗೆ ಮಾಲೆಯ ಹಂಗೇಕೆ? ಈ ಆಡಂಬರವನ್ನು ಇಂದೇ ನಿಲ್ಲಿಸೋಣ” ಎಂದೆ. ಸಭೆ ತಲೆದೂಗಿತು. ಮಕ್ಕಳು ಮುಂಜಾನೆಯಿಂದ ಕೂತು ಕಟ್ಟಿದ ಚೆಂಡುಹೂವಿನ ಮಾಲೆಯನ್ನು ಕಾಣಿಕೆಯ ಜೋಳದ ರಾಶಿಯ ಮೇಲೆ ಹಾಕಿಸಿದೆ.

ರೂತವ್ವ ಅಂದು ಅಂಕಲಗಿಯಿಂದ ಅಣ್ಣನನ್ನು ಕರೆಸಿದ್ದಳು. ಅವನು ನಮ್ಮ ಮತಕ್ಕೆ ಸೇರಿದವನಲ್ಲ; ತಂಗಿಗೆ ಸಿಗುವ ಮರ್ಯಾದೆಯನ್ನು ನೋಡಲೆಂದೇ ಬಂದವನು. ಹೊರಗೆ ಬಂದೊಡನೆ ನಕ್ಕ.

“ಏನವ್ವಾ, ದೇವ್ರು ಬದಲಾದ, ಚಾಪಿ ಬದಲಾಗ್ಲಿಲ್ಲಲ್ಲ! ನಿನಗಿಂತ ಆ ಜ್ವಾಳದ ನಸೀಬ ಚಲೋ ಐತಿ.”

“ಬಾಯಿ ಮುಚ್ಚಪಾ ಅಣ್ಣಾ. ನಮ್ಮ ಮಾಸ್ತರು ಖರೆ ಮಾತು ಹೇಳ್ಯಾರ. ಅವ್ರು ಅಂಥಾ ಮನಷ್ಯಾ ಅಲ್ಲ.”

ನಾನು ಅವರ ಹಿಂದೆಯೇ ನಿಂತಿದ್ದೆ. ಎಲ್ಲವೂ ಕಿವಿಗೆ ಬಿದ್ದಿತ್ತು. ಎರಡು ಹೆಜ್ಜೆ ಮುಂದಿಟ್ಟು ನಿಜ ಹೇಳಬಹುದಾಗಿತ್ತು—ಹೇಳಲಿಲ್ಲ.

ಮರುವರ್ಷ ಮಾಲೆ ಮರಳಿ ಬಂತು. ಸರದಿ ಹಿರಿಯರ ಸೊಸೆಯದು. ಆಕೆ ಮಕ್ಕಳೊಡನೆ ಕೂತದ್ದೇ ಅಪರೂಪ. ಅಂದೂ ಮಾತಾಡಿದವನು ನಾನೇ. ಉಪಕಾರ ಸ್ಮರಣೆ ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠವೆಂದೆ. ಆರಾಧನೆ ಮುಗಿದ ಮೇಲೆ ರೂತವ್ವ ನನ್ನ ಬಳಿ ಬಂದಳು.

“ಮಾಲಿ ನನಗ ಬೇಕಾಗಿರಲಿಲ್ರಿ ಮಾಸ್ತರ. ಆದ್ರ ನಿಮ್ಮ ಸಲುವಾಗಿ ಅಣ್ಣನ ಕೂಡ ಮಾತು ಬಿಟ್ಟೀನ್ರಿ, ವರ್ಷಾತು.”

ಅಷ್ಟೇ. ಮುಂದಿನ ರವಿವಾರ ಅವಳು ಬರಲಿಲ್ಲ. ಅವಳ ಕೇರಿಯ ಮಕ್ಕಳೂ ಬರಲಿಲ್ಲ. ಗಿರಣಿಯ ಕೆಲಸ ಹೆಚ್ಚಾಗಿದೆಯಂತೆ ಎಂದು ಸಭೆಗೆ ನಾನೇ ಹೇಳಿದೆ—ಇನ್ನೊಂದು ಸುಳ್ಳು. ಆ ಮಕ್ಕಳಿಗೆ ಕಲಿಸಲು ಬೇರೆ ಯಾರನ್ನೂ ಕಳಿಸಲಿಲ್ಲ. ಅರ್ಧ ಅಕ್ಷರಕ್ಕೇ ನಿಂತುಹೋದ ಆ ಮಕ್ಕಳು ಇಂದು ಅದೇ ಗಿರಣಿಯಲ್ಲಿ ಪಗಾರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ.

ಕಳೆದ ತಿಂಗಳು ರೂತವ್ವ ತೀರಿಕೊಂಡಳು. ಆ ಅಣ್ಣನೇ ಬಂದು ನಮ್ಮ ಸಮಾಧಿಭೂಮಿಯಲ್ಲಿ ಜಾಗ ಕೇಳಿದ. “ಆಕಿ ಸಭಾ ಬಿಟ್ಟಾಕಿ, ಆಗೂದಿಲ್ಲ” ಎಂಬ ಉತ್ತರ ಹೋಯಿತು. ಈಗ ನಾನೂ ಹಿರಿಯರಲ್ಲೊಬ್ಬ. ಹಾಗೆಂದು ತೀರ್ಮಾನಿಸಿದ ಕೂಟದಲ್ಲಿ ಕೂತಿದ್ದೆ. ಅವಳು ಏಕೆ ಬಿಟ್ಟಳೆಂಬುದನ್ನು ಬಲ್ಲವನಾಗಿದ್ದೂ ನಾನು ಬಾಯಿ ತೆರೆಯಲಿಲ್ಲ. ಅಂಕಲಗಿಯಲ್ಲಿ ಹೊಲದ ಬದುವಿನ ಪಕ್ಕ ಅವಳನ್ನು ಮಣ್ಣು ಮಾಡಿದರು. ಪ್ರಾರ್ಥನೆ ಹೇಳಲು ನಮ್ಮವರು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಹೆದರಿದ್ದೆನೆಂದು ಬರೆದು ಕರುಣೆ ಬೇಡಲಾರೆ. ಭಾಷಣಕ್ಕೆ ಹೆದರದವನು ಒಂದು ಊಟದ ಪಂಕ್ತಿಗೆ ಹೆದರಿದೆನೆಂದರೆ ಅದಕ್ಕೆ ಬೇರೆ ಹೆಸರಿದೆ.

ಸಭಾಹಿರಿಯರೇ, ಮೊದಲು ನನ್ನನ್ನು ನಿಮ್ಮ ಸಾಲಿನಿಂದ ಇಳಿಸಿರಿ. ಬರುವ ರವಿವಾರ ಆ ಕೇರಿಯವರನ್ನೂ ಅಂಕಲಗಿಯ ಆ ಅಣ್ಣನನ್ನೂ ಕರೆತಂದು ಮುಂದೆ ಕೂಡಿಸಿರಿ. ಅವರೆದುರು ವೇದಿಕೆಯಿಂದ ಹೇಳಿರಿ: ರೂತವ್ವ ಸಭೆಯನ್ನು ಬಿಡಲಿಲ್ಲ, ಜಾತಿಯ ಕಾರಣಕ್ಕೆ ನಾವು ಅವಳನ್ನು ಹೊರಗಿಟ್ಟೆವು. ಹೇಳುವಾಗ ಜಾತಿ ಎಂಬ ಶಬ್ದವನ್ನು ನುಂಗಬೇಡಿರಿ.