ಪೆನ್ಸಿಲ್ ಗುರುತಿನ ಮೇಲಿನ ಸಾಲುಗಳು

ನನ್ನ ಅಕ್ಕ ಪ್ರಭುಭೋಜನ ತೆಗೆದುಕೊಳ್ಳುತ್ತಿಲ್ಲ ಎಂಬುದು ಬಹಳ ವರ್ಷ ನನ್ನ ಗಮನಕ್ಕೆ ಬಂದಿರಲಿಲ್ಲ. ನಾನು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಇರುವವನು. ಅವಳು ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋಗಿ, ಅಲ್ಲಿಯ ಗದ್ದೆಗಳಲ್ಲಿ ಕೂಲಿ ಮಾಡಿಕೊಂಡಿರುವವಳು. ಹಬ್ಬಗಳಲ್ಲಿ ಅವಳ ಊರಿನ ಚರ್ಚಿನ ಸಭೆಗೆ ಹೋದಾಗಲೆಲ್ಲ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಹೊತ್ತಿಗೆ ಸರಿಯಾಗಿ ಅವಳು ಯಾರದಾದರೂ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಅಳುವ ಕೂಸಿಗೆ ಯಾವ ಸಭೆಯಲ್ಲೂ ಕೊರತೆಯಿಲ್ಲ. ಹೀಗಾಗಿ ನನಗೆ ಅನುಮಾನ ಬರಲಿಲ್ಲ.

ಅದನ್ನು ಬಯಲು ಮಾಡಿದ್ದು ಅಕ್ಕನ ಮಗಳು. ನಮ್ಮ ಸಭೆಗಳಲ್ಲಿ ಹದಿಹರೆಯದ ಮಕ್ಕಳು ಕೆಲವು ತಿಂಗಳು ಪಾಠ ಕೇಳಿ, ಎಲ್ಲರೆದುರು ತಮ್ಮ ನಂಬಿಕೆಯನ್ನು ಒಪ್ಪಿಕೊಂಡು, ಮೊದಲ ಬಾರಿಗೆ ಪ್ರಭುಭೋಜನಕ್ಕೆ ಕೈ ಚಾಚುತ್ತಾರೆ. ಅವಳ ಸರದಿ ಆ ಮಳೆಗಾಲದಲ್ಲಿತ್ತು. ಒಂದು ವಾರ ಮೊದಲು ಅವಳ ಫೋನು ಬಂದಿತು.

“ಮಾವಾ, ನಾ ತಗೊಳ್ಳಂಗಿಲ್ಲ. ಅಯ್ಯಗಾರಿಗೆ ನೀನಽ ಹೇಳಿಬಿಡು.”

“ಯಾಕ? ಪಾಠ ಬಾಯಿಗೆ ಬರವಲ್ದೇನು?”

“ಪಾಠ ಎಲ್ಲಾ ಬರತೈತಿ. ಅವ್ವ ಹೆದರಿಸ್ಯಾಳ. ಯೋಗ್ಯತಿ ಇಲ್ದ ತಗೊಂಡ್ರ ಮನಿಯಾಗ ಹೆಣ ಬೀಳತೈತಂತ. ತಂಗಿ ಹೋಗಿದ್ದು ಹಂಗಽ ಅಂತ.”

ಆ ‘ತಂಗಿ’ ಅಕ್ಕನ ಎರಡನೆಯ ಮಗು. ಇನ್ನೂ ನಡೆಯಲು ಕಲಿಯುವ ಮೊದಲೇ ಮೆದುಳು ಜ್ವರದಿಂದ ತೀರಿಕೊಂಡಿತ್ತು. ಹುಡುಗಿ ತಡೆತಡೆದು ಹೇಳಿದ್ದರ ಸಾರ ಇಷ್ಟು: ಮಗುವಿಗೆ ಜ್ವರ ಬರುವ ಹಿಂದಿನ ಭಾನುವಾರ ಅಕ್ಕ ಗದ್ದೆಯಿಂದ ನೇರವಾಗಿ, ಕಾಲಿನ ಕೆಸರೊಂದಿಗೆ, ತಡವಾಗಿ ಚರ್ಚಿಗೆ ಬಂದು ರೊಟ್ಟಿ ತೆಗೆದುಕೊಂಡಿದ್ದಳು. ಮಣ್ಣು ಮಾಡಿದ ಮೇಲಿನ ಪ್ರಭುಭೋಜನದಲ್ಲಿ ಎಂದಿನಂತೆ ಎಚ್ಚರಿಕೆಯ ವಾಕ್ಯ ಓದಿದರು: ಅಯೋಗ್ಯವಾಗಿ ತಿನ್ನುವವನು ತನಗೆ ತಾನೇ ದಂಡನೆಯನ್ನು ತಿನ್ನುತ್ತಾನೆ, ಇದರಿಂದಲೇ ನಿಮ್ಮಲ್ಲಿ ಹಲವರು ರೋಗಿಗಳಾಗಿದ್ದಾರೆ, ಕೆಲವರು ಸತ್ತಿದ್ದಾರೆ ಎಂಬ ಅರ್ಥದ ಮಾತು. ಅಕ್ಕನನ್ನು ಯಾರೂ ಬೊಟ್ಟು ಮಾಡಿ ತೋರಿಸಿರಲಿಲ್ಲ. ಅವಳೇ ತನ್ನ ಮೇಲೆ ತೀರ್ಪು ಬರೆದುಕೊಂಡಿದ್ದಳು. ಈಗ ಅದೇ ತೀರ್ಪು ಮಗಳ ಹೆಗಲಿಗೆ ದಾಟುತ್ತಿತ್ತು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಅಲ್ಲಿ ನಮಗೆ ಕಲಿಸಿದ ಮೊದಲ ನಿಯಮ, ಎದುರಾಳಿಯ ಮಾತನ್ನು ಅರ್ಧ ಉಲ್ಲೇಖಿಸಬಾರದು ಎಂಬುದು. ಎದುರಾಳಿಗೆ ಸಲ್ಲುವ ಈ ನ್ಯಾಯ ಸತ್ಯವೇದಕ್ಕೆ, ಅಂದರೆ ಬೈಬಲ್ಲಿಗೆ, ಏಕೆ ಸಲ್ಲಬಾರದು ಎಂಬ ಪ್ರಶ್ನೆ ನನ್ನನ್ನು ಅಂದಿನಿಂದಲೂ ಬಿಟ್ಟಿಲ್ಲ. ವಾಕ್ಯವನ್ನು ಅದರ ನೆರೆಹೊರೆಯಿಂದ ಕಿತ್ತು ಗೋಡೆಗೆ ತೂಗುಹಾಕಬಾರದು, ಯಾರು ಯಾರಿಗೆ ಯಾವ ಸಂಕಟದಲ್ಲಿ ಬರೆದರೆಂದು ಮೊದಲು ಕೇಳಬೇಕು ಎಂದು ಕಂಟೋನ್ಮೆಂಟಿನ ನಮ್ಮ ವಾರದ ಅಧ್ಯಯನ ಕೂಟದಲ್ಲಿ ಹೇಳುತ್ತಲೇ ಬಂದಿದ್ದೇನೆ. ಆದರೆ ಕಿತ್ತ ವಾಕ್ಯವೊಂದು ನನ್ನ ಅಕ್ಕನ ಎದೆಯಲ್ಲಿ ಇಷ್ಟು ಕಾಲ ಚುಚ್ಚಿಕೊಂಡಿರಬಹುದೆಂದು ನಾನು ಎಣಿಸಿರಲಿಲ್ಲ.

ಮರುದಿನವೇ ಕುರುಗೋಡಿನ ಬಸ್ಸು ಹತ್ತಿದೆ. ಅಕ್ಕನ ಊರಿನ ಸಭೆಯನ್ನು ನೋಡಿಕೊಳ್ಳುವ ಪಾಸ್ಟರು, ಅಂದರೆ ಜನ ಅಯ್ಯಗಾರು ಎಂದು ಕರೆಯುವವರು, ಕುರುಗೋಡಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಹಿತ್ತಿಲ ಬಾಗಿಲು ತೆರೆದರೆ ಬಂಡೆಗಳ ಗುಡ್ಡ. ನನ್ನ ಮುಂದೆ ಒಗ್ಗರಣೆ ಮಂಡಕ್ಕಿಯ ತಟ್ಟೆ, ಎರಡು ಮಿರ್ಚಿ ಇಟ್ಟು ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಳಗಿನಿಂದ ಹಳೆಯ ಸತ್ಯವೇದವನ್ನು ತಂದು, ಯೇಸುವಿನ ಸಂದೇಶ ಸಾರಿದ ಅಪೊಸ್ತಲನೊಬ್ಬ ರೇವುಪಟ್ಟಣವೊಂದರ ಸಭೆಗೆ ಬರೆದ ಪತ್ರದಲ್ಲಿ ಆ ಎಚ್ಚರಿಕೆಯ ವಾಕ್ಯವಿರುವ ಪುಟ ತೆರೆದರು. ಅಂಚಿನಲ್ಲಿ ಪೆನ್ಸಿಲ್ಲಿನ ಎರಡು ಗುರುತುಗಳಿದ್ದವು.

“ಇಲ್ಲಿಂದ ಇಲ್ಲೀತನ. ನನ್ನ ಹಿಂದಿನ ಅಯ್ಯಗಾರು ಹಾಕಿದ ಗುರುತು. ಅವರೂ ಇಷ್ಟಽ ಓದ್ತಿದ್ರು, ನಾನೂ ಇಷ್ಟಽ ಓದ್ತೀನಿ.”

“ಮ್ಯಾಲಿಂದು?”

“ಮೂರು ಊರು, ಒಂದು ಭಾನುವಾರ, ಒಂದು ಬೈಕು. ಎಲ್ಲಾ ಓದಾಕ ಕುಂತ್ರ ಮೂರನೇ ಊರಿನೋರು ಮನಿಗಿ ಹೋಗಿರ್ತಾರ.” ನಕ್ಕರು, ಆದರೆ ಬೆರಳು ಮೇಲಿನ ಗುರುತನ್ನು ದಾಟಿ ಏರುತ್ತಿತ್ತು. ಓದುತ್ತ ಹೋದಂತೆ ಅವರ ನಗೆ ನಿಂತಿತು. “ಇದನ್ನ ಬಿಟ್ಟಽ ಓದ್ಕೊಂತ ಬಂದೀವಿ ನೋಡ್ರಿ” ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ಹೊರಡುವಾಗ ಒಂದು ಮಾತು ಹೇಳಿದರು: “ನೀವು ಅಕ್ಕಾರ ಮುಂದ ಭಾಷಣ ಮಾಡ್ತೀರಿ ಅಂತ ನನಗ ಹೆದರಿಕಿ. ಬರೇ ಓದ್ರಿ. ಮುಂದಿನ ಭಾನುವಾರ ನಾನೂ ಮ್ಯಾಲಿಂದ ಓದ್ತೀನಿ.”

ಅವರ ಹೆದರಿಕೆ ನಿಜವಾಗುವುದರಲ್ಲಿತ್ತು. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಅಕ್ಕನ ಮನೆ ಸೇರುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ವಾದ ಸಿದ್ಧವಾಗಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು; ಊರಿನ ಸುತ್ತ ನಾಟಿಯ ಭರಾಟೆ. ಅಕ್ಕ ಆಗತಾನೇ ಗದ್ದೆಯಿಂದ ಬಂದು ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದಳು. ನಾನು ಮೊದಲು ವೈದ್ಯರ ಕಡೆಯಿಂದ ಆರಂಭಿಸಿದೆ: ಆ ಜ್ವರ ಸೊಳ್ಳೆಯಿಂದ ಬರುವುದು, ಆ ಮಳೆಗಾಲದಲ್ಲಿ ಸುತ್ತಲ ಊರುಗಳ ಮಕ್ಕಳಿಗೂ ಬಂದಿತ್ತು.

“ಬಂದೋರೆಲ್ಲಾ ಸತ್ತ್ರೇನು?” ಅವಳು ತಲೆ ಎತ್ತಲಿಲ್ಲ. “ನನ್ನ ಕೂಸಽ ಯಾಕ ಸಾಯಬೇಕಿತ್ತು? ಅದನ್ನ ಹೇಳು.”

ಆ ಪ್ರಶ್ನೆಯನ್ನು ದಾಟಿ ಎರಡನೆಯ ಅಂಶಕ್ಕೆ ಹೋದೆ. ಅವಳು ತಂಬಿಗೆ ಕುಕ್ಕಿದಳು.

“ಕಾಲೇಜಿನ್ಯಾಗ ಕಪ್ಪು ಗೆದ್ದಂಗ ನನ್ನೂ ಗೆಲ್ಲಾಕ ಬಂದೀ ಏನ್ಲೇ? ನೀ ಗೆದ್ದಿ ಅನ್ನು. ಆಮ್ಯಾಲ ಈ ಹುಡುಗಿಗೆ ಏನರ ಆದ್ರ ಯಾರಿಗೆ ಕೊಡ್ತಾರ ಕಪ್ಪು?”

ನನ್ನ ವಾದ ಅಲ್ಲಿಗೆ ಮುಗಿಯಿತು. ಅವಳು ಹಟ ಮಾಡುತ್ತಿರಲಿಲ್ಲ. ಉಳಿದ ಒಬ್ಬ ಮಗಳನ್ನು ಕಾಯುತ್ತಿದ್ದಳು. ಅಂಥವರೊಡನೆ ಗೆಲ್ಲುವುದಕ್ಕೆ ಏನೂ ಇರುವುದಿಲ್ಲ. ನಾನು ನನ್ನ ಸತ್ಯವೇದ ತೆಗೆದು, ಪೆನ್ಸಿಲ್ ಗುರುತು ಇರಬೇಕಾದ ಜಾಗಕ್ಕಿಂತ ಆರು ವಾಕ್ಯ ಮೇಲೆ ಬೆರಳಿಟ್ಟು, ಹುಡುಗಿಯ ಕೈಗೆ ಕೊಟ್ಟೆ. “ಇಲ್ಲಿಂದ ಓದು. ಎಲ್ಲೂ ನಿಲ್ಲಿಸಬ್ಯಾಡ.”

ಹುಡುಗಿ ಹೊಸ್ತಿಲ ಮೇಲೆ ಕುಳಿತು ಶಾಲೆಯ ಧಾಟಿಯಲ್ಲಿ ಓದಿದಳು. ನೀವು ಒಟ್ಟುಗೂಡುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗುತ್ತಿದೆ ಎಂದು ಬರೆದವನು ಗದರುತ್ತಾನೆ. ನಿಮ್ಮಲ್ಲಿ ಭೇದಗಳಿವೆಯಂತೆ. ಊಟಕ್ಕೆ ಕೂತಾಗ ಪ್ರತಿಯೊಬ್ಬನೂ ತಂದದ್ದನ್ನು ತಾನೇ ಮೊದಲು ಉಂಡುಬಿಡುತ್ತಾನೆ. ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬನಿಗೆ ಅಮಲೇರಿರುತ್ತದೆ. ನಿಮಗೆ ಮನೆಗಳಿಲ್ಲವೇ? ಏನೂ ಇಲ್ಲದವರನ್ನು ನಾಚಿಸುತ್ತೀರಾ?

ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದ ಅಕ್ಕ ಅಲ್ಲೇ ನಿಂತಳು. “ತಡಿ. ಇದು ಎಲ್ಲೈತಿ?”

“ಅದಽ ಪುಟದಾಗ ಐತಬೇ” ಎಂದಳು ಹುಡುಗಿ.

“ನಾ ಕೇಳೇ ಇಲ್ಲಲ್ಲ.”

“ಓದಿದ್ರಲ್ಲ ಕೇಳೋದು?”

ಹುಡುಗಿ ಮುಂದುವರಿದಳು. ಅಕ್ಕನಿಗೆ ಬಾಯಿಪಾಠವಾಗಿದ್ದ ಸಾಲುಗಳು ಬಂದವು. ದಂಡನೆಯ ಸಾಲು, ರೋಗದ ಸಾಲು, ಸಾವಿನ ಸಾಲು. ಅಕ್ಕ ನನ್ನ ಮುಖ ನೋಡಿದಳು. “ಇದು ಬರ್ದೈತೋ ಇಲ್ಲೋ?”

“ಬರ್ದೈತಿ.” ಅದನ್ನು ಮೆತ್ತಗೆ ಮಾಡಿ ಹೇಳುವುದು ಮೋಸವಾಗುತ್ತಿತ್ತು. “ಆದ್ರ ಇನ್ನೂ ಮುಗಿದಿಲ್ಲ.”

ಪೆನ್ಸಿಲ್ಲಿನ ಎರಡನೆಯ ಗುರುತಿನ ಆಚೆ ಉಳಿದಿದ್ದದ್ದು ಒಂದೆರಡು ವಾಕ್ಯ. ಆದಕಾರಣ ಸಹೋದರರೇ, ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ. ತಡೆಯಲಾರದಷ್ಟು ಹಸಿದವನು ಮನೆಯಲ್ಲೇ ಉಂಡುಬರಲಿ. ಹಾಗಾದರೆ ನಿಮ್ಮ ಕೂಟ ದಂಡನೆಗೆ ಕಾರಣವಾಗದು.

ನಾನು ಆಗ ಹೇಳಿದ್ದು ಸ್ವಲ್ಪವೇ. ಆ ಪಟ್ಟಣದ ಸಭೆಯಲ್ಲಿ ಬಿಡುವಿದ್ದ ಉಳ್ಳವರೂ ಇದ್ದರು, ಧಣಿ ಬಿಟ್ಟಾಗ ಮಾತ್ರ ಬರಬಹುದಾದ ಆಳುಗಳೂ ಇದ್ದರು. ತಡವಾಗಿ ಬಂದವರು ಈ ಆಳುಗಳೇ ಎಂದು ಪತ್ರದಲ್ಲಿ ನೇರವಾಗಿ ಬರೆದಿಲ್ಲ, ಇತಿಹಾಸ ಓದಿದವರು ಹಾಗೆ ಊಹಿಸುತ್ತಾರೆ. ಆದರೆ ಬೈಗುಳ ಯಾರಿಗೆ ಎಂಬುದರಲ್ಲಿ ಊಹೆಯೇ ಬೇಕಿಲ್ಲ. ಕಾಯದೆ ಉಂಡವರಿಗೆ, ಇಲ್ಲದವರನ್ನು ನಾಚಿಸಿದವರಿಗೆ. “ಆ ದಿನ ನೀ ಯಾರನ್ನ ಬಿಟ್ಟು ಉಂಡೀ ಅಕ್ಕಾ?” ಎಂದು ಕೇಳಿದೆ.

ಅದು ವಾದದ ಪ್ರಶ್ನೆಯಾಗಿರಲಿಲ್ಲ; ಉತ್ತರ ನನಗೆ ಗೊತ್ತಿರಲಿಲ್ಲ. ಅವಳು ಬಚ್ಚಲ ಕಲ್ಲಿನ ಮೇಲೆಯೇ ಕುಳಿತಳು.

“ಆವತ್ತು ಪ್ರೀತಿ ಭೋಜನ ಇತ್ತು” ಎಂದಳು. ಸಭೆಯವರೆಲ್ಲ ಒಟ್ಟಾಗಿ ಉಣ್ಣುವ ಊಟಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. “ಆವಾಗಿನ ಅಯ್ಯಗಾರು ಊಟ ಮೊದಲು ಮುಗಿಸಿ, ರೊಟ್ಟಿ ಆಮ್ಯಾಲ ಕೊಡ್ತಿದ್ರು. ನಾವು ನೆಲ್ಲು ಹಚ್ಚೋರು ಬರೋದ್ರೊಳಗ ಎಲ್ಲಾರೂ ಉಂಡು ಎದ್ದಿದ್ರು. ಪಾತ್ರಿ ತಳಾ ಕೆರದು ನನಗ ಸಾರು ಹಾಕಿದ್ರು. ಅನ್ನ ಇದ್ದಿಲ್ಲ. ಹಸದಽ ಹೋಗಿ ರೊಟ್ಟಿ ತಗೊಂಡೆ. ಹೊಟ್ಟಿ ಹಸದೈತಿ, ಆ ತುಣುಕಿನ ಮ್ಯಾಲ ಆಸಿ ಆತು ನನಗ. ಅದಕ್ಕಽ ಪಾಪ ಅಂತ ತಿಳಕೊಂಡೀನಿ ತಮ್ಮಾ. ದೇವರ ಶರೀರ ಅಂತ ತಗೊಳ್ಳಲಿಲ್ಲ, ಹಸಿವಿಗೆ ತಗೊಂಡೆ ಅಂತ.”

ಹುಡುಗಿ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಅವಳು ಮೇಲಿನ ಸಾಲನ್ನು ಮತ್ತೆ ಓದಿದಳು, ಈ ಸಲ ಶಾಲೆಯ ಧಾಟಿಯಿಲ್ಲದೆ: ಒಬ್ಬ ಹಸಿದಿರುತ್ತಾನೆ. ಆಮೇಲೆ ತಾಯಿಯನ್ನು ನೋಡಿ, “ಅವ್ವಾ, ಇದು ನೀನಽ ಅಲ್ಲೇನು?” ಎಂದಳು.

ಅಕ್ಕ ಅತ್ತದ್ದನ್ನು ಇಲ್ಲಿ ವಿವರಿಸುವುದಿಲ್ಲ. ಅತ್ತು ಮುಗಿದ ಮೇಲೆ ಅವಳು ಮೊದಲು ಆಡಿದ ಮಾತು ಮಾತ್ರ ಹೇಳುತ್ತೇನೆ. “ಹಂಗಾರ ಆತ ನನ್ನ ಕಡೆ ಆಗಿ ಬರ್ದಾನ. ನಾ ಇಷ್ಟು ದಿನ ನನ್ನ ಬೈದಾನ ಅಂತ ತಪ್ಪಿಸಿಕೊಂಡು ಅಡ್ಡಾಡೀನಿ.” ಮಗು ಯಾಕೆ ಸತ್ತಿತು ಎಂಬ ಅವಳ ಪ್ರಶ್ನೆಗೆ ಆ ಪುಟದಲ್ಲೂ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ಆದರೆ ತಾನು ಕೊಂದೆ ಎಂಬ ಉತ್ತರ ಅವಳ ಕೈಬಿಟ್ಟಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಅವಳ ಹೆಗಲು ಕೆಳಗಿಳಿದಿದ್ದುದನ್ನು ನಾನು ನೋಡಿದೆ. ಅಷ್ಟು ವರ್ಷ ಅದು ಮೇಲೆದ್ದೇ ಇತ್ತೆಂಬುದು ಆಗ ತಿಳಿಯಿತು.

ಭಾನುವಾರ ಅಯ್ಯಗಾರು ಮಾತು ಉಳಿಸಿಕೊಂಡರು. ಪ್ರಸಂಗ ಮುಗಿದ ಮೇಲೆ, ಪೆನ್ಸಿಲ್ ಗುರುತಿಗಿಂತ ಮೇಲಿನಿಂದ ಆರಂಭಿಸಿ, ಕೆಳಗಿನ ಗುರುತನ್ನೂ ದಾಟಿ ಓದಿದರು. ಮೊದಲ ಬಾರಿ ಕೈ ಚಾಚುವ ಮಕ್ಕಳು ಮುಂದಿನ ಸಾಲಿನಲ್ಲಿ ನಿಂತಿದ್ದರು. ಅಕ್ಕ ಎಂದಿನಂತೆ ಬಾಗಿಲ ಬಳಿ ಇದ್ದಳು. ಅವಳ ಸೊಂಟದ ಮೇಲೆ ಯಾರ ಕೂಸೂ ಇರಲಿಲ್ಲ. ಅಯ್ಯಗಾರು ತಟ್ಟೆಯ ಮೇಲಿನ ಬಿಳಿ ಬಟ್ಟೆ ತೆಗೆಯುವಷ್ಟರಲ್ಲಿ ಅವಳ ದನಿ ಕೇಳಿಸಿತು.

“ಅಯ್ಯಗಾರೇ, ತಡೀರಿ. ನೆಲ್ಲು ಹಚ್ಚೋ ನಮ್ಮ ಗುಂಪಿನೋರು ಇನ್ನಾ ಬಂದಿಲ್ಲ. ಇವತ್ತು ಆ ಹೊಲಕ್ಕ ನೀರಿನ ಪಾಳಿ ಐತಿ, ಹಚ್ಚಿ ಮುಗಿಸಿ ಬರಾಕತ್ತಾರ.”

ಇಡೀ ಸಭೆ ಹಿಂದಕ್ಕೆ ತಿರುಗಿತು. ಅಯ್ಯಗಾರು ಅವಳನ್ನು ನೋಡಿ, ತೆಗೆದ ಬಟ್ಟೆಯನ್ನು ಮತ್ತೆ ಹೊದಿಸಿದರು. “ಕುಂದರ್ರಿ ಎಲ್ಲಾರೂ. ಹಾಡು ಹಾಡ್ಕೊಂತ ಕಾಯಾಮು.” ಹಾಗೆಯೇ ಫೋನು ತೆಗೆದು ತಮ್ಮ ಮುಂದಿನ ಊರಿಗೆ ತಿಳಿಸಿದರು: “ತಡಾ ಆಗತೈತಿ. ನೀವೂ ಕಾಯ್ರಿ.”

ಹಾಡಿನ ಮೇಲೆ ಹಾಡು ಮುಗಿದವು. ಹಿತ್ತಿಲಲ್ಲಿ ಪ್ರೀತಿ ಭೋಜನದ ಅನ್ನ ಇಳಿಸಿದ ವಾಸನೆ ಒಳಗೆ ಬರುತ್ತಿತ್ತು. ಮುಂದಿನ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ತಡೆಯಲಾರದೆ, “ಎಷ್ಟೊತ್ತರೀ ಇದು, ಹೊಟ್ಟಿ ತಾಳ ಹಾಕಾಕತ್ತೈತಿ” ಎಂದರು.

“ತಾತಾ, ತಡಿಯಾಕ ಆಗದೋರು ಮನಿಯಾಗಽ ಉಂಡು ಬರ್ರಿ ಅಂತ ಈಗಷ್ಟಽ ಓದಿದ್ರಲ್ಲ” ಎಂದಳು ಅಕ್ಕನ ಮಗಳು. ಚರ್ಚಿನೊಳಗೆ ಅಷ್ಟು ಜೋರು ನಗೆಯನ್ನು ನಾನು ಕೇಳಿದ್ದಿಲ್ಲ. ಹಿರಿಯರೂ ನಕ್ಕರು, ತುಸು ತಡವಾಗಿ.

ಹೆಂಗಸರು ಬಂದರು. ಸೀರೆಯ ಅಂಚು ಒದ್ದೆ, ಉಗುರುಗಳಲ್ಲಿ ಕೆಸರು. ಎಲ್ಲರೂ ಇನ್ನೂ ಕಾಯುತ್ತಿರುವುದನ್ನು ಕಂಡು ತಪ್ಪು ಬಾಗಿಲಿಗೆ ಬಂದವರಂತೆ ನಿಂತರು. ಅಕ್ಕ ಅವರನ್ನು ಒಳಗೆ ಕರೆದುಕೊಂಡು ಬಂದಳು. ಮಗಳು ರೊಟ್ಟಿ ತೆಗೆದುಕೊಂಡು ಹಿಂದಕ್ಕೆ ತಿರುಗಿದಾಗ ತಾಯಿ ಅವಳ ಬೆನ್ನಿಗೇ ನಿಂತಿದ್ದಳು, ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು. ಅಯ್ಯಗಾರು ಒಂದು ತುಣುಕನ್ನು ಅಲ್ಲಿಟ್ಟರು. ಅವಳು ಅವಸರ ಮಾಡದೆ ತಿಂದಳು.

ಊಟದ ಸಾಲಿನಲ್ಲಿ ಬಡಿಸಿದವಳೂ ಅವಳೇ. ಅನ್ನ ಆರಿಹೋಗಿತ್ತು, ಆದರೆ ಕೊನೆಯ ಎಲೆಯವರೆಗೂ ಇತ್ತು.