ಬೂದಿಯ ನಡುವೆ ತುಳಸಿ

“ಅಜ್ಜಾ, ಆ ಊರಾಗ ತುಳಸಿ ಎಲ್ಲಿಂದ ಬಂತು?” ಎಂದು ಮೊಮ್ಮಗಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಪರೇಲಿನ ಆಸ್ಪತ್ರೆಯಲ್ಲಿ, ಪುಸ್ತಕ ಹಿಡಿಯುವ ಶಕ್ತಿಯೂ ಉಳಿಯದ ಅವಳಿಗೆ, ಪ್ರಳಯಾನಂತರದ ಲೋಕವನ್ನು ಚಿತ್ರಿಸುವ ಅವಳ ಮೆಚ್ಚಿನ ಕಾದಂಬರಿ ಮಾಲೆಯ ಮೂರನೆಯ ಸಂಪುಟವನ್ನು ನಾನು ಓದುತ್ತಿದ್ದೆ. ಭೇಟಿಯ ಸಮಯ ಮುಗಿದಿತ್ತು, ಓದು ನಿಲ್ಲಿಸಬೇಕಿತ್ತು. ಆದರೆ ಮರಣದ ಪ್ರಸಂಗದಲ್ಲಿ ಪಾರಾಯಣ ನಿಲ್ಲಿಸಬಾರದೆಂಬುದು ಪುರಾಣ ಓದುವ ನಮ್ಮ ಮನೆಯ ನಿಯಮ. ನಿಲ್ಲಿಸಲು ಒಂದು ಶುಭದ ಮಾತು ಹುಡುಕಿ ಪುಟ ತಿರುವಿದಷ್ಟೂ ಬೂದಿ, ಹೆಣಗಳು. ಯಾವ ಗ್ರಂಥಕ್ಕೂ ಒಂದಕ್ಷರ ಸೇರಿಸದ ನಾನು, ಅಂದು ಬೂದಿಯ ನಡುವೆ ತುಳಸಿ ಚಿಗುರಿತೆಂದು ಸೇರಿಸಿ ಓದಿದ್ದೆ.

“ನಾ ಇದನ್ನ ಮೊದಲೇ ಓದೀನಿ ಅಜ್ಜಾ, ಬುಕ್‌ನಾಗ ಹಂಗ ಇಲ್ಲ,” ಎಂದು ನಕ್ಕಳು. “ಚಲೇಗಾ, ನಡೀತದ. ಇನ್ನೊಮ್ಮೆ ಓದ್ರಿ.”

ಓದಿದೆ. ನಾನು ಅವಳಿಗೆ ಓದಿದ ಕೊನೆಯ ವಾಕ್ಯ ಅದೇ ಆಯಿತು. ಅವಳು ಹೋದ ಮೇಲೆ ಆ ಸಂಪುಟದ ಉಳಿದ ಭಾಗವನ್ನೂ ಓದಿ ಮುಗಿಸಿದೆ. ತುಳಸಿಯಿರಲಿ, ಒಂದು ಹುಲ್ಲೆಳೆಯೂ ಅಲ್ಲಿಲ್ಲ.